ಸೈನಿಕ ಸಾಗಾಣಿಕೆಯ ಹಳೆಯ ವಿಮಾನಗಳು: ಅವುಗಳ ಉಳಿವು ಮತ್ತು ಗುರುತು

೧

ಕ್ರಿ.ಶ. ೨೦೨೪ನೆಯ ಅಕ್ಟೋಬರ್ ತಿಂಗಳ ೧೧ರಂದು ನವಿ ಮುಂಬಯಿಯ ಹೊಸ ವಿಮಾನ ನಿಲ್ದಾಣದ ದಕ್ಷಿಣ ರನ್‌ವೇಯ ಮೇಲೆ ಮೊತ್ತಮೊದಲ ವಿಮಾನವು ಇಳಿಯಿತು. ಅದು ಪ್ರಯಾಣಿಕರ ವಿಮಾನವಾಗಿರಲಿಲ್ಲ. ಭಾರತೀಯ ವಾಯುಸೇನೆಯ ಸಿ-೨೯೫ ಎಂಬ ಸಾಗಾಣಿಕೆಯ ವಿಮಾನವಾಗಿತ್ತು. ನಿಲ್ದಾಣದ ಉದ್ಘಾಟನೆಯು ೨೦೨೫ರ ಅಕ್ಟೋಬರ್ ೮ರಂದು ನಡೆದು, ಪ್ರಯಾಣಿಕರ ಸಂಚಾರವು ಅದೇ ವರ್ಷದ ಡಿಸೆಂಬರ್ ೨೫ರಂದು ಮೊದಲಾಯಿತು. ಹೀಗೆ ಜನರು ಹತ್ತುವುದಕ್ಕೆ ಒಂದು ವರ್ಷಕ್ಕಿಂತಲೂ ಮುಂಚೆಯೇ, ಸಾಮಾನು ಸರಂಜಾಮು ಹೊರುವ ಸೈನಿಕ ವಿಮಾನವೊಂದು ಆ ನೆಲದ ಗಟ್ಟಿತನವನ್ನು ಪರೀಕ್ಷಿಸಿ ಹೋಗಿದ್ದಿತು.

ಈ ಪ್ರದೇಶಕ್ಕೂ ಸೈನಿಕ ವಿಮಾನಗಳಿಗೂ ಇರುವ ನಂಟು ಇದಕ್ಕಿಂತ ಹಳೆಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಲ್ಯಾಣದ ಸುತ್ತಣ ಭೂಮಿಯು ಸೈನ್ಯದ ದೊಡ್ಡ ಬೀಡಾಗಿ ಮಾರ್ಪಟ್ಟಿತು. ಅಂದಿನ ಕಲ್ಯಾಣ ಸೈನಿಕ ಶಿಬಿರದ ಬ್ಯಾರಕ್ಕುಗಳಲ್ಲಿ ದೇಶವಿಭಜನೆಯ ತರುವಾಯ ಸಿಂಧಿ ನಿರಾಶ್ರಿತರು ನೆಲೆಸಿದರು. ೧೯೪೯ರಲ್ಲಿ ಆ ಊರಿಗೆ ಉಲ್ಹಾಸನಗರವೆಂಬ ಹೆಸರು ಬಂದಿತು. ಅದೇ ಯುದ್ಧಕಾಲದಲ್ಲಿ ಕಲ್ಯಾಣದ ಸಮೀಪದ ನೇವಾಳಿಯಲ್ಲಿ ರೈತರ ಜಮೀನನ್ನು ತೆಗೆದುಕೊಂಡು ವಿಮಾನಗಳಿಗಾಗಿ ನೆಲಪಟ್ಟಿಯನ್ನು ಸಿದ್ಧಪಡಿಸಲಾಯಿತು. ಯುದ್ಧವು ಮುಗಿದು ವಿಮಾನಗಳು ಹೋದವು; ನೆಲದ ಪ್ರಶ್ನೆಯು ಮಾತ್ರ ಉಳಿಯಿತು. ೨೦೧೭ರ ಜೂನ್ ತಿಂಗಳಲ್ಲಿ ಆ ಜಮೀನಿನ ವಿಷಯವಾಗಿ ರೈತರು ನಡೆಸಿದ ಚಳವಳಿಯು ಉಗ್ರರೂಪವನ್ನು ತಾಳಿದುದು ಈ ಭಾಗದವರಿಗೆ ಮರೆತಿರಲಾರದು.

ಬ್ಯಾರಕ್ಕು ಊರಾಯಿತು, ನೆಲಪಟ್ಟಿ ವಿವಾದವಾಯಿತು. ಆದರೆ ಅಂಥ ನೆಲಪಟ್ಟಿಗಳ ಮೇಲೆ ಇಳಿದೇಳುತ್ತಿದ್ದ ವಿಮಾನಗಳು ಏನಾದವು? ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಯುದ್ಧವಿಮಾನದ ಕಥೆಯನ್ನು ಬರೆಯುವವರು ಅನೇಕರಿರುತ್ತಾರೆ. ಅಕ್ಕಿಯ ಮೂಟೆ, ಮದ್ದುಗುಂಡು, ಗಾಯಾಳು, ನಿರಾಶ್ರಿತ, ಇವರನ್ನೂ ಇವನ್ನೂ ಹೊತ್ತ ವಿಮಾನದ ಕಥೆಯು ಅಷ್ಟು ಸುಲಭವಾಗಿ ಗ್ರಂಥಸ್ಥವಾಗುವುದಿಲ್ಲ. ಅಂಥ ವಿಮಾನಗಳಲ್ಲಿ ಉಳಿದುಬಂದ ಕೆಲವನ್ನು ಗುರುತಿಸುವ ಬಗೆ ಯಾವುದು, ಅವು ಉಳಿದುದಕ್ಕೆ ಕಾರಣವೇನು ಎಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

೨

ಹಳೆಯ ಸಾಗಾಣಿಕೆ ವಿಮಾನಗಳಲ್ಲಿ ಅಗ್ರಸ್ಥಾನವು ಡಕೋಟಾಕ್ಕೆ ಸಲ್ಲುತ್ತದೆ. ಅಮೆರಿಕದ ಡಗ್ಲಸ್ ಕಂಪನಿಯ ಡಿ.ಸಿ.-೩ ಎಂಬ ಪ್ರಯಾಣಿಕ ವಿಮಾನವು ೧೯೩೫ರ ಡಿಸೆಂಬರ್ ೧೭ರಂದು ಮೊದಲ ಸಲ ಹಾರಿತು. ಯುದ್ಧವು ಬಂದಾಗ ಅದೇ ವಿಮಾನದ ನೆಲಗಟ್ಟನ್ನು ಬಲಪಡಿಸಿ, ಪಕ್ಕದಲ್ಲಿ ಅಗಲವಾದ ಬಾಗಿಲನ್ನಿಟ್ಟು, ಸಿ-೪೭ ಎಂಬ ಸೈನಿಕ ರೂಪವನ್ನು ಕೊಟ್ಟರು. ಬ್ರಿಟಿಷರು ಅದನ್ನು ಡಕೋಟಾ ಎಂದು ಕರೆದರು. ನಮ್ಮಲ್ಲಿಯೂ ಆ ಹೆಸರೇ ನಿಂತಿತು. ತಲಾ ಸುಮಾರು ೧,೨೦೦ ಅಶ್ವಶಕ್ತಿಯ ಎರಡು ಎಂಜಿನ್ನುಗಳು, ೯೫ ಅಡಿಗಳ ರೆಕ್ಕೆಯ ಹರವು, ಬಾಲದ ಕೆಳಗೊಂದು ಚಿಕ್ಕ ಗಾಲಿ, ನೆಲದ ಮೇಲೆ ನಿಂತಾಗ ಮೂಗನ್ನು ಮೇಲೆತ್ತಿಕೊಂಡಂತಿರುವ ಭಂಗಿ: ಇವೇ ಅದರ ಲಕ್ಷಣಗಳು. ಹುಲ್ಲಿನ ಮೈದಾನದಲ್ಲಿಯೂ ಅದು ಇಳಿಯಬಲ್ಲುದಾಗಿತ್ತು. ಇಂಥ ಸೈನಿಕ ವಿಮಾನಗಳು ಹತ್ತು ಸಾವಿರಕ್ಕೂ ಹೆಚ್ಚಾಗಿ ತಯಾರಾದವು.

ಹತ್ತು ಸಾವಿರ ತಯಾರಾದುದರಿಂದಲೇ ಕೆಲವು ಉಳಿದವು ಎಂದು ಹೇಳಿದರೆ ಉತ್ತರವು ಪೂರ್ಣವಾಗುವುದಿಲ್ಲ. ಯುದ್ಧವು ಮುಗಿದೊಡನೆ ಸೈನ್ಯಕ್ಕೆ ಬೇಡವಾದ ವಿಮಾನಗಳ ಗತಿಯು ಸಾಮಾನ್ಯವಾಗಿ ಗುಜರಿಯೇ. ಅಲ್ಯೂಮಿನಿಯಮ್ಮನ್ನು ಕರಗಿಸಿದರೆ ಪಾತ್ರೆಯಾಗುತ್ತದೆ. ನಿಲ್ಲಿಸಿಟ್ಟರೆ ಬಾಡಿಗೆಯ ಜಾಗವನ್ನು ತಿನ್ನುತ್ತದೆ. ಬಾಂಬು ಹಾಕುವ ವಿಮಾನಕ್ಕೆ ಶಾಂತಿಕಾಲದಲ್ಲಿ ಗಿರಾಕಿಗಳಿಲ್ಲ. ಸಾಗಾಣಿಕೆಯ ವಿಮಾನಕ್ಕೆ ಗಿರಾಕಿಗಳುಂಟು. ಭಾರತದಲ್ಲಿ ಯುದ್ಧಾನಂತರ ತಲೆಯೆತ್ತಿದ ಹಲವು ಖಾಸಗಿ ವಿಮಾನ ಕಂಪನಿಗಳು ಉಳಿಕೆ ಮಾಲಾಗಿ ಮಾರಾಟಕ್ಕೆ ಬಂದ ಡಕೋಟಾಗಳನ್ನು ಕೊಂಡುಕೊಂಡವು. ೧೯೪೯ರ ಜನವರಿಯಲ್ಲಿ ಆರಂಭವಾದ ರಾತ್ರಿ ಅಂಚೆಯ ಸೇವೆಯಲ್ಲಿ ಮುಂಬಯಿ, ದೆಹಲಿ, ಕಲಕತ್ತ, ಮದ್ರಾಸುಗಳಿಂದ ಹೊರಟ ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಸೇರಿ, ಅಂಚೆಯ ಚೀಲಗಳನ್ನು ಅದಲುಬದಲು ಮಾಡಿಕೊಂಡು, ಬೆಳಗಾಗುವುದರೊಳಗೆ ಮರಳುತ್ತಿದ್ದವು. ಆ ಕೆಲಸವನ್ನು ಮಾಡಿದುದು ಡಕೋಟಾಗಳೇ. ೧೯೫೩ರಲ್ಲಿ ಖಾಸಗಿ ಕಂಪನಿಗಳು ರಾಷ್ಟ್ರೀಕರಣಗೊಂಡು ಇಂಡಿಯನ್ ಏರ್‌ಲೈನ್ಸ್ ಹುಟ್ಟಿದಾಗ ಈ ವಿಮಾನಗಳೂ ಅದರ ಪಾಲಿಗೆ ಬಂದವು.

ಆದುದರಿಂದ ಮೊದಲನೆಯ ನಿಯಮವನ್ನು ಹೀಗೆ ಹೇಳಬಹುದು: ವಿಮಾನವು ಉಳಿಯುವುದು ಅದರ ಲೋಹದ ಗಟ್ಟಿತನದಿಂದ ಮಾತ್ರವಲ್ಲ, ಒಬ್ಬನಿಗೆ ಬೇಡವಾದಾಗ ಇನ್ನೊಬ್ಬನಿಗೆ ಬೇಕಾಗುವುದರಿಂದ.

೩

ಹೀಗೆ ಕೈಯಿಂದ ಕೈಗೆ ಹೋಗುವುದೇ ಗುರುತಿಸುವವನಿಗೆ ತೊಡಕು. ಒಂದೇ ವಿಮಾನಕ್ಕೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಸಂಖ್ಯೆಗಳಿರುತ್ತವೆ. ಅವು ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಕಾರ್ಖಾನೆಯ ಸಂಖ್ಯೆ. ಇದನ್ನು ವಿಮಾನವು ತಯಾರಾದಾಗಲೇ ಒಂದು ಲೋಹದ ಫಲಕದ ಮೇಲೆ ಒತ್ತಿ ಒಡಲಿಗೆ ಹೊಂದಿಸುತ್ತಾರೆ. ಒಡೆಯನು ಬದಲಾದರೂ ಇದು ಬದಲಾಗುವುದಿಲ್ಲ. ಇದನ್ನು ವಿಮಾನದ ಜನ್ಮನಾಮವೆನ್ನಬಹುದು. ಡಗ್ಲಸ್ ಕಂಪನಿಯ ಒಕ್ಲಹೋಮಾ ಕಾರ್ಖಾನೆಯಲ್ಲಿ ತಯಾರಾದ ಅನೇಕ ಡಕೋಟಾಗಳಿಗೆ ಇಂಥ ಸಂಖ್ಯೆಗಳೇ ಎರಡೆರಡು ಇರುವುದರಿಂದ, ಇಲ್ಲಿಯೂ ಎಚ್ಚರವು ಅಗತ್ಯ. ಎರಡನೆಯದು ಸೈನ್ಯದ ಸಂಖ್ಯೆ. ಇದನ್ನು ಬಾಲದ ಮೇಲೋ ಒಡಲಿನ ಹಿಂಬದಿಯಲ್ಲೋ ಬಣ್ಣದಿಂದ ಬರೆಯುತ್ತಾರೆ. ಅಮೆರಿಕದ ಸೈನ್ಯದಿಂದ ಬ್ರಿಟನ್ನಿಗೆ, ಬ್ರಿಟನ್ನಿನಿಂದ ಭಾರತಕ್ಕೆ ಹೋದ ವಿಮಾನವು ಒಂದೊಂದು ಕಡೆಯಲ್ಲಿಯೂ ಹೊಸ ಸಂಖ್ಯೆಯನ್ನು ಪಡೆಯಬಹುದು. ಮೂರನೆಯದು ನಾಗರಿಕ ನೋಂದಣಿ. ಭಾರತದ ನಾಗರಿಕ ವಿಮಾನಗಳ ನೋಂದಣಿಯು ವಿ.ಟಿ. ಎಂಬ ಅಕ್ಷರಗಳಿಂದಲೂ ಬ್ರಿಟನ್ನಿನವುಗಳದು ಜಿ. ಎಂಬ ಅಕ್ಷರದಿಂದಲೂ ಆರಂಭವಾಗುತ್ತದೆ.

ಶಾಸನಗಳನ್ನು ಓದುವವರಿಗೆ ಈ ತೊಡಕು ಹೊಸದೇನಲ್ಲ. ಒಂದೇ ಊರು ಕದಂಬರ ಕಾಲದಲ್ಲಿ ಒಂದು ಹೆಸರಿನಿಂದಲೂ ಹೊಯ್ಸಳರ ಕಾಲದಲ್ಲಿ ಇನ್ನೊಂದು ಹೆಸರಿನಿಂದಲೂ ಕಾಣಿಸಿಕೊಂಡರೆ, ಎಲ್ಲೆಗಳನ್ನು ಹೋಲಿಸಿ ಅದು ಒಂದೇ ಊರೆಂದು ನಿರ್ಣಯಿಸಬೇಕಾಗುತ್ತದೆ. ಪ್ರಸಿದ್ಧವಾದ ಊರಿನ ಹೆಸರನ್ನು ಬೇರೊಂದು ಊರು ತಾನೇ ಧರಿಸಿರುವುದೂ ಉಂಟು. ವಿಮಾನಗಳಲ್ಲಿಯೂ ಹೀಗೆಯೇ. ಬಾಲದ ಮೇಲಿನ ಬರಹವು ಬಣ್ಣ ಬಳಿದವನ ಮಾತು. ಒಡಲಿನೊಳಗಿನ ಫಲಕವು ಮಾಡಿದವನ ಮಾತು. ಇವೆರಡೂ ಭಿನ್ನವಾದಲ್ಲಿ ಫಲಕಕ್ಕೆ ಹೆಚ್ಚಿನ ಪ್ರಾಮಾಣ್ಯವನ್ನು ಕೊಡತಕ್ಕದ್ದು.

೪

ಕರ್ನಾಟಕಕ್ಕೆ ಈ ವಿಷಯದಲ್ಲಿ ವಿಶೇಷ ಸ್ಥಾನವಿರುವುದು ಬೆಂಗಳೂರಿನ ವಿಮಾನ ಕಾರ್ಖಾನೆಯಿಂದ. ಸೊಲ್ಲಾಪುರದಲ್ಲಿ ಹುಟ್ಟಿದ ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನೊಡನೆ ೧೯೪೦ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಅಂದಿನ ದಿವಾನರು ಸರ್ ಮಿರ್ಜಾ ಇಸ್ಮಾಯಿಲರು. ವಿಮಾನಗಳನ್ನು ಕಟ್ಟುವುದಕ್ಕಾಗಿ ಹುಟ್ಟಿದ ಈ ಕಾರ್ಖಾನೆಯು ೧೯೪೩ರಲ್ಲಿ ಅಮೆರಿಕದ ವಾಯುಪಡೆಯ ಆಡಳಿತಕ್ಕೆ ಒಳಪಟ್ಟು, ಪೂರ್ವರಂಗದ ವಿಮಾನಗಳ ಕೂಲಂಕಷ ದುರಸ್ತಿಯ ಕೇಂದ್ರವಾಯಿತು. ಅಸ್ಸಾಮಿನಿಂದ ಹಿಮಾಲಯದ ಏಣನ್ನು ದಾಟಿ ಚೀನಕ್ಕೆ ಸಾಮಗ್ರಿಯನ್ನು ಒಯ್ಯುತ್ತಿದ್ದ ಕಾಲವದು. ಹಾರಿ ಹಾರಿ ಸವೆದ ಡಕೋಟಾಗಳೂ ಅಲ್ಲಿಗೆ ಬಂದವು. ಯುದ್ಧವು ಮುಗಿದ ಮೇಲೆ ಅದೇ ಕೆಲಸಗಾರರು ಅದೇ ಉಪಕರಣಗಳಿಂದ ಸೈನ್ಯದ ಡಕೋಟಾಗಳನ್ನು ನಾಗರಿಕ ಪ್ರಯಾಣಕ್ಕೆ ಯೋಗ್ಯವಾಗುವಂತೆ ಮಾರ್ಪಡಿಸಿದರು. ಬರಿಯ ತಗಡಿನ ಒಡಲಿಗೆ ಒಳಹೊದಿಕೆಯೂ ಆಸನಗಳೂ ಬಂದವು.

ಆ ಕಾರ್ಖಾನೆಯ ಕೈಚಳಕಕ್ಕೆ ಇನ್ನೂ ದೊಡ್ಡ ಸಾಕ್ಷ್ಯವೊಂದುಂಟು. ಅದು ಸಾಗಾಣಿಕೆಯ ವಿಮಾನದ್ದಲ್ಲ, ಲಿಬರೇಟರ್ ಎಂಬ ನಾಲ್ಕು ಎಂಜಿನ್ನುಗಳ ಬಾಂಬು ವಿಮಾನದ್ದು. ಆದರೂ ಉಳಿವಿನ ಬಗೆಯನ್ನು ತಿಳಿಯುವುದಕ್ಕೆ ಅದರ ಉದಾಹರಣೆಯು ಅತ್ಯಂತ ಉಪಯುಕ್ತವಾದುದು. ಬ್ರಿಟಿಷರು ಭಾರತವನ್ನು ಬಿಡುವಾಗ ಕಾನಪುರದಲ್ಲಿ ಈ ಜಾತಿಯ ಅನೇಕ ವಿಮಾನಗಳನ್ನು, ಮತ್ತೆ ಯಾರೂ ಹಾರಿಸದಂತೆ ಉದ್ದೇಶಪೂರ್ವಕವಾಗಿ ಕೆಡಿಸಿ, ರಾಶಿ ಹಾಕಿ ಹೋಗಿದ್ದರು. ಅಮೆರಿಕದಿಂದ ಎರವಲಾಗಿ ಪಡೆದ ವಿಮಾನಗಳು ಬೇರೆಯವರ ಬಳಕೆಗೆ ಹೋಗಬಾರದೆಂಬುದು ಒಪ್ಪಂದದ ಇಂಗಿತವಾಗಿದ್ದಿತು. ೧೯೪೮ರಿಂದಾಚೆಗೆ ಬೆಂಗಳೂರಿನ ತಂತ್ರಜ್ಞರು ಒಂದರ ಭಾಗವನ್ನು ಇನ್ನೊಂದಕ್ಕೆ ಜೋಡಿಸಿ, ಹೇಗೋ ಹಾರಬಲ್ಲಷ್ಟು ಸರಿಪಡಿಸಿ, ಬೆಂಗಳೂರಿಗೆ ತಂದು, ಪೂರ್ಣವಾಗಿ ನವೀಕರಿಸಿದರು. ಹೀಗೆ ನಲವತ್ತರಷ್ಟು ವಿಮಾನಗಳು ಜೀವ ಪಡೆದವು. ಭಾರತೀಯ ವಾಯುಸೇನೆಯಲ್ಲಿ ಅವು ೧೯೬೮ರ ಕೊನೆಯವರೆಗೂ ಇದ್ದವು. ಅಷ್ಟರಲ್ಲಿ ತಯಾರಿಸಿದ ದೇಶದಲ್ಲಿಯೇ ಆ ಜಾತಿಯು ಹೆಚ್ಚುಕಡಮೆ ನಾಮಾವಶೇಷವಾಗಿದ್ದಿತು. ಇಂದು ಬ್ರಿಟನ್ನಿನ ವಾಯುಸೇನಾ ಸಂಗ್ರಹಾಲಯದಲ್ಲಿರುವ ಲಿಬರೇಟರ್ ಭಾರತದಿಂದ ಹೋದದ್ದು. ಅಮೆರಿಕದಲ್ಲಿಯೂ ಕೆನಡದಲ್ಲಿಯೂ ಭಾರತದಿಂದ ಹೋದವು ಉಳಿದಿವೆ. ದೆಹಲಿಯ ಪಾಲಮ್ಮಿನಲ್ಲಿ ವಾಯುಸೇನೆಯ ಸಂಗ್ರಹಾಲಯವು ಒಂದನ್ನು ಉಳಿಸಿಕೊಂಡಿದೆ.

ಹೊಸದನ್ನು ಕೊಳ್ಳಲು ಹಣವಿಲ್ಲದ ದೇಶವು ಹಳೆಯದನ್ನು ರಿಪೇರಿ ಮಾಡಿ ಬಳಸಿದ್ದರಿಂದಲೇ ಜಗತ್ತಿನ ಸಂಗ್ರಹಾಲಯಗಳಿಗೆ ಈ ವಿಮಾನಗಳು ದೊರೆತವು. ಬಡತನದ ಜಾಣ್ಮೆಯು ಇತಿಹಾಸದ ಉಪಕಾರಿಯಾದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ದೊರೆಯುವುದು ಕಷ್ಟ.

೫

ಡಕೋಟಾವು ಭಾರತೀಯ ವಾಯುಸೇನೆಗೆ ೧೯೪೬ರಲ್ಲಿ ೧೨ನೆಯ ಸ್ಕ್ವಾಡ್ರನ್ನಿನ ಮೂಲಕ ಪ್ರವೇಶಿಸಿತು. ಮರುವರ್ಷವೇ ಅದಕ್ಕೆ ಕಠಿಣವಾದ ಪರೀಕ್ಷೆಯು ಒದಗಿತು. ೧೯೪೭ರ ಅಕ್ಟೋಬರ್ ೨೭ರ ಬೆಳಗ್ಗೆ ೧ನೆಯ ಸಿಖ್ ಪಟಾಲಮಿನ ಸೈನಿಕರನ್ನು ಹೊತ್ತ ಡಕೋಟಾಗಳು ದೆಹಲಿಯಿಂದ ಹೊರಟು ಶ್ರೀನಗರದಲ್ಲಿ ಇಳಿದವು. ಶ್ರೀನಗರದ ವಿಮಾನ ನೆಲವು ಆ ಹೊತ್ತಿಗೆ ಯಾರ ವಶದಲ್ಲಿದೆಯೆಂಬುದು ಹೊರಟವರಿಗೆ ಖಚಿತವಾಗಿ ತಿಳಿದಿರಲಿಲ್ಲ. ಆ ನೆಲವು ಕೈಬಿಟ್ಟಿದ್ದರೆ ಸೈನ್ಯವನ್ನು ಸಕಾಲದಲ್ಲಿ ಕಣಿವೆಗೆ ಮುಟ್ಟಿಸುವ ಬೇರೆ ಉಪಾಯವಿರಲಿಲ್ಲ. ಆ ಪಟಾಲಮಿನ ನಾಯಕ ಲೆಫ್ಟಿನೆಂಟ್ ಕರ್ನಲ್ ದಿವಾನ್ ರಂಜಿತ್ ರಾಯರು ಅದೇ ದಿನ ಬಾರಾಮುಲ್ಲದ ಹಾದಿಯಲ್ಲಿ ವೀರಮರಣವನ್ನು ಹೊಂದಿದರು.

೧೯೪೮ರ ಮೇ ೨೪ರಂದು ಏರ್ ಕಮೊಡೋರ್ ಮೆಹರ್ ಸಿಂಗರು ಡಕೋಟಾವನ್ನು ಲೇಹಿಗೆ ಒಯ್ದು ಇಳಿಸಿದರು. ಸಮುದ್ರಮಟ್ಟದಿಂದ ಹತ್ತು ಸಾವಿರ ಅಡಿಗಳಿಗೂ ಮೇಲಿರುವ ಆ ಸ್ಥಳದಲ್ಲಿ, ತರಾತುರಿಯಲ್ಲಿ ಸಿದ್ಧವಾದ ನೆಲದ ಮೇಲೆ, ಯಾವ ವಿಮಾನವೂ ಅದಕ್ಕೆ ಮುಂಚೆ ಇಳಿದಿರಲಿಲ್ಲ. ಆ ವಿಮಾನದಲ್ಲಿ ಅವರ ಜೊತೆಗಿದ್ದವರು ಕೊಡಗಿನವರಾದ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯನವರು. ಒಳಗಿನ ಗಾಳಿಯ ಒತ್ತಡವನ್ನು ಕಾಪಾಡುವ ವ್ಯವಸ್ಥೆಯು ಡಕೋಟಾದಲ್ಲಿಲ್ಲ. ಇಪ್ಪತ್ತು ಸಾವಿರ ಅಡಿಗಳ ಪರ್ವತಗಳ ಸಾಲುಗಳ ನಡುವೆ ಕಣಿವೆಗಳನ್ನು ಹುಡುಕುತ್ತ ಸಾಗಬೇಕಾಗಿದ್ದಿತು. ಈ ಒಂದು ಹಾರಾಟದಿಂದ ಲಡಾಖಿನ ರಕ್ಷಣೆಗೆ ಆಕಾಶದ ಹಾದಿಯು ತೆರೆಯಿತು.

೧೯೭೧ರ ಡಿಸೆಂಬರ್ ೧೧ರಂದು ಬಾಂಗ್ಲಾದೇಶದ ಟಾಂಗೈಲಿನಲ್ಲಿ ಪ್ಯಾರಾಷೂಟ್ ಪಟಾಲಮನ್ನು ಇಳಿಸಿದಾಗಲೂ, ಹೊಸ ಜಾತಿಯ ವಿಮಾನಗಳ ಜೊತೆಯಲ್ಲಿ ಡಕೋಟಾಗಳಿದ್ದವು. ೧೯೮೦ರ ದಶಕದ ಕೊನೆಯ ಭಾಗದಲ್ಲಿ ಅವು ಸೇವೆಯಿಂದ ನಿವೃತ್ತವಾದವು. ಒಂದೇ ಜಾತಿಯ ವಿಮಾನವು ನಲವತ್ತು ವರ್ಷಗಳಿಗೂ ಮಿಕ್ಕಿ ದುಡಿದುದು ಸಾಮಾನ್ಯವಾದ ಸಂಗತಿಯಲ್ಲ.

೬

ಈಗ ಹಾರುತ್ತಿರುವ ವಾಯುಸೇನೆಯ ಡಕೋಟಾವೊಂದರ ವಿಚಾರಕ್ಕೆ ಬರಬಹುದು. ಅದರ ಹೆಸರು ಪರಶುರಾಮ. ಅದರ ಮೇಲಿರುವ ಸಂಖ್ಯೆ ವಿ.ಪಿ. ೯೦೫. ೧೯೪೭ರ ಅಕ್ಟೋಬರ್ ೨೭ರಂದು ಶ್ರೀನಗರಕ್ಕೆ ಮೊದಲು ಸೈನಿಕರನ್ನು ಒಯ್ದ ಡಕೋಟಾದ ಸಂಖ್ಯೆಯೂ ವಿ.ಪಿ. ೯೦೫. ಇದನ್ನು ಕೇಳಿದವರು, ಅಂದು ಶ್ರೀನಗರದಲ್ಲಿ ಇಳಿದ ವಿಮಾನವೇ ಇಂದು ಗಣರಾಜ್ಯೋತ್ಸವದಲ್ಲಿ ಹಾರುತ್ತಿರುವುದೆಂದು ಭಾವಿಸುವುದು ಸಹಜ. ಆದರೆ ವಸ್ತುಸ್ಥಿತಿಯು ಬೇರೆ.

ಪರಶುರಾಮದ ಒಡಲು ೧೯೪೪ರ ಸುಮಾರಿಗೆ ತಯಾರಾದದ್ದು. ಅದು ಬ್ರಿಟನ್ನಿನ ರಾಯಲ್ ಏರ್ ಫೋರ್ಸಿನಲ್ಲಿ ಕೆ.ಎನ್. ೩೯೭ ಎಂಬ ಸಂಖ್ಯೆಯಿಂದಲೂ, ಆಮೇಲೆ ನಾಗರಿಕ ಸೇವೆಯಲ್ಲಿ ಜಿ-ಎ.ಎಂ.ಎಸ್.ವಿ. ಎಂಬ ನೋಂದಣಿಯಿಂದಲೂ ದುಡಿಯಿತು. ಹಳತಾಗಿ ಮೂಲೆಗೆ ಬಿದ್ದ ಮೇಲೆ, ಆಗ ಕರ್ನಾಟಕದಿಂದ ರಾಜ್ಯಸಭೆಯ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರರು ಅದನ್ನು ಕೊಂಡು, ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ದುರಸ್ತಿ ಮಾಡಿಸಿ, ವಾಯುಸೇನೆಗೆ ಕಾಣಿಕೆಯಾಗಿ ಕೊಟ್ಟರು. ಅವರ ತಂದೆ ಏರ್ ಕಮೊಡೋರ್ ಎಂ. ಕೆ. ಚಂದ್ರಶೇಖರರು ವಾಯುಸೇನೆಯಲ್ಲಿ ಡಕೋಟಾಗಳನ್ನು ಹಾರಿಸಿದವರು. ೨೦೧೮ರ ಏಪ್ರಿಲ್ ೧೭ರಂದು ಕೊವೆಂಟ್ರಿಯಿಂದ ಹೊರಟ ವಿಮಾನವು ಫ್ರಾನ್ಸ್, ಇಟಲಿ, ಗ್ರೀಸ್, ಜೋರ್ಡಾನ್, ಸೌದಿ ಅರೇಬಿಯ, ಬಹರೀನ್, ಒಮಾನ್ ದೇಶಗಳಲ್ಲಿ ತಂಗುತ್ತ ಏಪ್ರಿಲ್ ೨೫ರಂದು ಜಾಮ್‌ನಗರವನ್ನು ಮುಟ್ಟಿತು. ಮೇ ೪ರಂದು ಹಿಂಡನ್ ವಿಮಾನ ನೆಲೆಯಲ್ಲಿ ಅದನ್ನು ಸೇವೆಗೆ ಸೇರಿಸಿಕೊಳ್ಳಲಾಯಿತು. ೨೦೨೨ರ ಗಣರಾಜ್ಯೋತ್ಸವದಲ್ಲಿ ಟಾಂಗೈಲ್ ಹೆಸರಿನ ವ್ಯೂಹದಲ್ಲಿ ಅದು ಎರಡು ಡಾರ್ನಿಯರ್ ವಿಮಾನಗಳೊಡನೆ ಹಾರಿತು.

ಹೀಗೆ ಪರಶುರಾಮದಲ್ಲಿ ಎರಡು ವಿಮಾನಗಳ ಇತಿಹಾಸವು ಕೂಡಿಕೊಂಡಿದೆ. ಒಡಲು ಬ್ರಿಟನ್ನಿನಲ್ಲಿ ದುಡಿದದ್ದು. ಸಂಖ್ಯೆಯು ಕಾಶ್ಮೀರದಲ್ಲಿ ಹಾರಿದ ಇನ್ನೊಂದರ ಸ್ಮರಣೆಗಾಗಿ ಧರಿಸಿದ್ದು. ಇದರಿಂದ ಪರಶುರಾಮದ ಗೌರವಕ್ಕೆ ಕುಂದಿಲ್ಲ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ರೂಢಿಯೇ ಆಗಿದೆ. ಆದರೆ ಅದರಿಂದ ಮೊಮ್ಮಗನು ಅಜ್ಜನಾಗುವುದಿಲ್ಲ. ಈ ಭೇದವನ್ನು ಸ್ಪಷ್ಟವಾಗಿ ಬರೆದಿಡದೆ ಹೋದರೆ ಎರಡು ನಷ್ಟಗಳಾಗುತ್ತವೆ. ಶ್ರೀನಗರದಲ್ಲಿ ಇಳಿದ ಮೂಲ ವಿಮಾನವು ಉಳಿದುಕೊಂಡಿದೆಯೆಂಬ ತಪ್ಪು ಭಾವನೆಯು ಬೇರೂರುತ್ತದೆ. ಹಾಗೆಯೇ, ಎಪ್ಪತ್ತು ವರ್ಷಗಳಿಗೂ ಮಿಕ್ಕ ಈ ಒಡಲಿನ ಸ್ವಂತ ಚರಿತ್ರೆಯು ಮರೆಯಾಗುತ್ತದೆ.

ಇದಕ್ಕೆ ಪ್ರತಿಯಾಗಿ, ಒಡಲನ್ನು ಬಿಡದೆ ಉಳಿಸಿಕೊಂಡ ನಿದರ್ಶನವು ಒಡಿಶಾದ್ದು. ಬಿಜು ಪಟ್ನಾಯಕರು ತಾವೇ ವಿಮಾನವನ್ನು ನಡೆಸಬಲ್ಲವರಾಗಿದ್ದು, ಕಳಿಂಗ ಏರ್‌ಲೈನ್ಸ್ ಕಂಪನಿಯನ್ನು ಸ್ಥಾಪಿಸಿದವರು. ೧೯೪೭ರ ಜುಲೈಯಲ್ಲಿ ಅವರು ಡಚ್ಚರ ಕಣ್ಣು ತಪ್ಪಿಸಿ ಇಂಡೋನೇಷ್ಯದ ನಾಯಕ ಸುತಾನ್ ಶಹರೀರರನ್ನು ಡಕೋಟಾದಲ್ಲಿ ಕರೆತಂದುದು ಪ್ರಸಿದ್ಧವಾಗಿದೆ. ಅವರ ಕಂಪನಿಯ ಡಕೋಟಾ, ವಿ.ಟಿ.-ಎ.ಯು.ಐ., ಕಲಕತ್ತದ ವಿಮಾನ ನಿಲ್ದಾಣದಲ್ಲಿ ಬಹುಕಾಲ ಅನಾಥವಾಗಿ ನಿಂತಿದ್ದಿತು. ೨೦೨೩ರ ಜನವರಿಯಲ್ಲಿ ಅದನ್ನು ಬಿಡಿಬಿಡಿಯಾಗಿ ಕಳಚಿ, ಲಾರಿಗಳಲ್ಲಿ ಭುವನೇಶ್ವರಕ್ಕೆ ಸಾಗಿಸಿ, ಮತ್ತೆ ಜೋಡಿಸಿ ಪ್ರದರ್ಶನಕ್ಕೆ ಇಡಲಾಯಿತು. ಈ ವಿಮಾನವು ಇನ್ನು ಹಾರಲಾರದು. ಆದರೆ ಅದರ ಮೇಲಿರುವ ನೋಂದಣಿಯು ಅದರದೇ.

೭

ಡಕೋಟಾದ ತರುವಾಯ ಬಂದ ವಿಮಾನಗಳಲ್ಲಿ ಬೆಂಗಳೂರಿನ ಮುದ್ರೆಯು ಸ್ಪಷ್ಟವಾಗಿ ಬಿದ್ದಿರುವುದು ಪ್ಯಾಕೆಟ್ ಎಂಬ ವಿಮಾನದ ಮೇಲೆ. ಅಮೆರಿಕದ ಫೇರ್‌ಚೈಲ್ಡ್ ಕಂಪನಿಯ ಈ ಸಿ-೧೧೯ ವಿಮಾನವು ವಾಯುಸೇನೆಗೆ ೧೯೫೪ರಿಂದ ಬಂದಿತು. ಡಬ್ಬಿಯಂಥ ಒಡಲು, ಅದರ ಎರಡು ಪಕ್ಕಗಳಿಂದ ಹಿಂದಕ್ಕೆ ಚಾಚಿದ ಜೋಡಿ ಬಾಲದಂಡಗಳು, ಹಿಂಬದಿಯಲ್ಲಿ ಇಡಿಯಾಗಿ ತೆರೆದುಕೊಳ್ಳುವ ಬಾಗಿಲು: ಇದರ ರೂಪವನ್ನು ಒಮ್ಮೆ ಕಂಡವರು ಮರೆಯಲಾರರು. ಹಿಮಾಲಯದ ಎತ್ತರದಲ್ಲಿ ತೆಳುವಾದ ಗಾಳಿಯಲ್ಲಿ ಎರಡು ಎಂಜಿನ್ನುಗಳ ಬಲವು ಸಾಲದೆ ಬಂದುದರಿಂದ ಒಡಲಿನ ನೆತ್ತಿಯ ಮೇಲೆ ಒಂದು ಚಿಕ್ಕ ಜೆಟ್ ಎಂಜಿನ್ನನ್ನು ಕೂಡಿಸಲಾಯಿತು. ಬೆಂಗಳೂರಿನಲ್ಲಿ ನ್ಯಾಟ್ ಯುದ್ಧವಿಮಾನಕ್ಕಾಗಿ ತಯಾರಾಗುತ್ತಿದ್ದ ಆರ್ಫಿಯಸ್ ಎಂಜಿನ್ನೇ ಈ ಕೆಲಸಕ್ಕೆ ಒದಗಿತು. ಏರುವಾಗ ಮಾತ್ರ ಅದನ್ನು ಹೊತ್ತಿಸಿ ಆಮೇಲೆ ಆರಿಸುವುದು ಕ್ರಮ. ೧೯೬೨ರ ಜುಲೈ ೨೩ರಂದು ಸ್ಕ್ವಾಡ್ರನ್ ಲೀಡರ್ ಸಿ. ಕೆ. ಎಸ್. ರಾಜೆಯವರು ಲಡಾಖಿನ ದೌಲತ್ ಬೇಗ್ ಓಲ್ಡಿಯಲ್ಲಿ, ಹದಿನಾರು ಸಾವಿರ ಅಡಿಗಳಿಗೂ ಮೇಲೆ, ಪ್ಯಾಕೆಟ್ಟನ್ನು ಇಳಿಸಿದರು.

ಪಾಲಮ್ಮಿನ ಸಂಗ್ರಹಾಲಯದಲ್ಲಿರುವ ಪ್ಯಾಕೆಟ್ಟನ್ನು ನೋಡುವವರು ಅದರ ನೆತ್ತಿಯ ಮೇಲಿನ ಜೆಟ್ಟನ್ನು ಗಮನಿಸಬೇಕು. ಅಮೆರಿಕದ ಕಾರ್ಖಾನೆಯಿಂದ ಹೊರಬಿದ್ದಾಗ ಆ ವಿಮಾನಕ್ಕೆ ಅದು ಇರಲಿಲ್ಲ. ಹಳೆಯ ವಿಮಾನವನ್ನು ಅದರ ಮೂಲರೂಪಕ್ಕೆ ತರಬೇಕೆಂದು ಹಟ ಹಿಡಿಯುವ ಸಂಗ್ರಾಹಕರು ಕೆಲವು ದೇಶಗಳಲ್ಲಿದ್ದಾರೆ. ಹಾಗೆ ಮಾಡಿ ಈ ಜೆಟ್ಟನ್ನು ಕಳಚಿದರೆ ಲಡಾಖಿನ ಚರಿತ್ರೆಯೇ ಕಳಚಿದಂತೆ. ಸೇವೆಯಲ್ಲಿದ್ದಾಗ ಆದ ಮಾರ್ಪಾಡು, ತೇಪೆ, ಬಣ್ಣದ ಮೇಲಿನ ಬಣ್ಣ, ಇವೆಲ್ಲವೂ ದಾಖಲೆಗಳೇ.

೮

ಉಳಿದುಬಂದವುಗಳ ಲೆಕ್ಕದಲ್ಲಿ ಬಾರದೆ ಉಳಿದ ಇನ್ನೊಂದು ವರ್ಗವುಂಟು: ಬೆಟ್ಟಗಳಲ್ಲಿ ಬಿದ್ದವು. ಅಸ್ಸಾಮಿನಿಂದ ಚೀನಕ್ಕೆ ಹಾರಿದ ಮಾರ್ಗದಲ್ಲಿ ನೂರಾರು ವಿಮಾನಗಳು ನಷ್ಟವಾದವು. ಅರುಣಾಚಲದ ಕಾಡುಗಳಲ್ಲಿ ಬೇಟೆಗೆ ಹೋದ ಹಳ್ಳಿಗರ ಕಣ್ಣಿಗೆ ಅವುಗಳ ಅವಶೇಷಗಳು ಬಿದ್ದು, ಹುಡುಕುವವರಿಗೆ ದಾರಿಯನ್ನು ತೋರಿದವು. ಆ ಅವಶೇಷಗಳನ್ನು ಒಟ್ಟುಗೂಡಿಸಿ ೨೦೨೩ರ ನವೆಂಬರ್‌ನಲ್ಲಿ ಪಾಸಿಘಾಟಿನಲ್ಲಿ ಒಂದು ಸಂಗ್ರಹಾಲಯವನ್ನು ತೆರೆಯಲಾಯಿತು.

ಭಾರತೀಯ ವಾಯುಸೇನೆಯದೇ ಆದ ದುಃಖದ ನಿದರ್ಶನವೆಂದರೆ ಬಿ.ಎಲ್. ೫೩೪ ಸಂಖ್ಯೆಯ ಎ.ಎನ್.-೧೨ ವಿಮಾನ. ನಾಲ್ಕು ಎಂಜಿನ್ನುಗಳ ಈ ರಷ್ಯನ್ ಜಾತಿಯು ೧೯೬೧ರಿಂದ ಸೇವೆಯಲ್ಲಿದ್ದಿತು. ೧೯೬೮ರ ಫೆಬ್ರವರಿ ೭ರಂದು ಚಂಡೀಗಢದಿಂದ ಲೇಹಿಗೆ ಹೊರಟ ಆ ವಿಮಾನವು ಹವೆಯು ಕೆಟ್ಟುದರಿಂದ ಹಿಂದಿರುಗುತ್ತಿದ್ದಾಗ ರೋಹ್ತಾಂಗದ ಬಳಿ ಕಣ್ಮರೆಯಾಯಿತು. ಅದರಲ್ಲಿದ್ದವರು ೧೦೨ ಮಂದಿ. ಮೂವತ್ತೈದು ವರ್ಷಗಳವರೆಗೆ ಅದರ ಸುಳಿವೇ ಇರಲಿಲ್ಲ. ೨೦೦೩ರಲ್ಲಿ ಪರ್ವತಾರೋಹಿಗಳ ತಂಡವೊಂದಕ್ಕೆ ಹಿಮನದಿಯ ಮೇಲೆ ಅವಶೇಷಗಳೂ ಒಂದು ದೇಹವೂ ದೊರೆತವು. ಆಮೇಲೆ ಸೈನ್ಯವು ಹಲವು ಸಲ ಶೋಧಕಾರ್ಯವನ್ನು ನಡೆಸಿತು. ೨೦೨೪ರ ಸೆಪ್ಟೆಂಬರ್ ಕೊನೆಯಲ್ಲಿ, ಐವತ್ತಾರು ವರ್ಷಗಳ ತರುವಾಯ, ಮತ್ತೆ ನಾಲ್ವರ ದೇಹಗಳು ದೊರೆತವು. ಅವರಲ್ಲಿ ಕೆಲವರನ್ನು ಗುರುತಿಸಿದುದು ಅವರ ಬಳಿಯಿದ್ದ ಕಾಗದಪತ್ರಗಳಿಂದ. ಹಿಮವು ಕಾಪಾಡಿಕೊಟ್ಟ ಒಂದು ತುಂಡು ಕಾಗದವು ಒಂದು ಮನೆಯವರ ಅರ್ಧ ಶತಮಾನದ ಸಂದೇಹವನ್ನು ತೀರಿಸಿತು.

ಸಂಖ್ಯೆಗಳನ್ನೂ ಕಾಗದಗಳನ್ನೂ ಕೂಡಿಡುವ ಕೆಲಸವು ನೀರಸವಾದುದೆಂದು ಎಣಿಸುವವರು ಈ ಘಟನೆಯನ್ನು ನೆನೆಯಬೇಕು. ವಿಮಾನವೆಂದರೆ ಲೋಹದ ರಾಶಿ ಮಾತ್ರವಲ್ಲ. ಅದರಲ್ಲಿ ಯಾರು ಹತ್ತಿದರು, ಎಲ್ಲಿಗೆ ಹೊರಟರು ಎಂಬ ಪಟ್ಟಿಯೂ ಅದರ ಅಂಗವೇ. ಪಟ್ಟಿಯಿದ್ದುದರಿಂದಲೇ ದೊರೆತ ದೇಹಕ್ಕೆ ಊರು ದೊರೆಯಿತು.

೯

ಕೊನೆಯದಾಗಿ, ಈಗ ಕಣ್ಣಮುಂದೆಯೇ ನಿವೃತ್ತಿಯ ಹಾದಿಯನ್ನು ಹಿಡಿದಿರುವ ಜಾತಿಯೊಂದನ್ನು ಹೇಳಬೇಕು. ಅದು ಆವ್ರೋ. ಬ್ರಿಟನ್ನಿನ ವಿನ್ಯಾಸದ ಆವ್ರೋ-೭೪೮ ವಿಮಾನವನ್ನು ಕಾನಪುರದಲ್ಲಿ ಕಟ್ಟಲಾಯಿತು. ಅಲ್ಲಿ ಸಿದ್ಧವಾದ ಮೊದಲನೆಯದು ೧೯೬೧ರ ನವೆಂಬರ್ ೧ರಂದು ಹಾರಿತು. ಭಾರತೀಯರಲ್ಲಿ ಮೊದಲ ವಾಯುಸೇನಾಪತಿಯಾಗಿ, ಹಿಂದಿನ ವರ್ಷ ನಿಧನ ಹೊಂದಿದ್ದ ಸುಬ್ರತೋ ಮುಖರ್ಜಿಯವರ ಹೆಸರನ್ನು ಅದಕ್ಕೆ ಇಡಲಾಯಿತು. ಅರವತ್ತು ವರ್ಷಗಳಾಚೆ, ೨೦೨೧ರ ಸೆಪ್ಟೆಂಬರ್‌ನಲ್ಲಿ, ಆವ್ರೋಗಳ ಸ್ಥಾನದಲ್ಲಿ ೫೬ ಸಿ-೨೯೫ ವಿಮಾನಗಳನ್ನು ಪಡೆಯುವ ಒಪ್ಪಂದಕ್ಕೆ ಸರಕಾರವು ಸಹಿ ಹಾಕಿತು. ಅವುಗಳಲ್ಲಿ ೧೬ ಸ್ಪೇನಿನಿಂದ ಬರತಕ್ಕವು, ೪೦ ಗುಜರಾತಿನ ವಡೋದರೆಯಲ್ಲಿ ತಯಾರಾಗತಕ್ಕವು. ಮೊದಲನೆಯದನ್ನು ೨೦೨೩ರ ಸೆಪ್ಟೆಂಬರ್‌ನಲ್ಲಿ ಸೇವೆಗೆ ಸೇರಿಸಿಕೊಳ್ಳಲಾಯಿತು. ನವಿ ಮುಂಬಯಿಯ ರನ್‌ವೇಯನ್ನು ಮೊದಲು ಮುಟ್ಟಿದುದು ಈ ಜಾತಿಯ ವಿಮಾನವೇ. ಆ ದಿನದ ಸಂಭ್ರಮದಲ್ಲಿ, ಅದು ಯಾವುದರ ಸ್ಥಾನಕ್ಕೆ ಬಂದಿದೆಯೆಂಬುದನ್ನು ನೆನೆದವರು ಬಹುಶಃ ವಿರಳ.

ಡಕೋಟಾ, ಲಿಬರೇಟರ್, ಪ್ಯಾಕೆಟ್ಟುಗಳ ಅನುಭವದಿಂದ ತಿಳಿದುಬರುವ ಪಾಠವನ್ನು ಆವ್ರೋದ ವಿಷಯದಲ್ಲಿ ಸಕಾಲದಲ್ಲಿಯೇ ಅನ್ವಯಿಸಬಹುದು. ನಿವೃತ್ತವಾದ ವಿಮಾನವನ್ನು ಕಾಲೇಜಿನ ಅಂಗಳದಲ್ಲಿಯೋ ನಗರದ ವೃತ್ತದಲ್ಲಿಯೋ ಕಂಬದ ಮೇಲೆ ನಿಲ್ಲಿಸಿ ಹೊಸ ಬಣ್ಣವನ್ನು ಬಳಿದರೆ ಅದು ಅಲಂಕಾರವಾಗುತ್ತದೆ. ಚರಿತ್ರೆಯಾಗಬೇಕಾದರೆ ಅದರ ಕಾರ್ಖಾನೆಯ ಫಲಕ, ಹಾರಾಟದ ದಿನಚರಿ, ದುರಸ್ತಿಯ ಪುಸ್ತಕ, ಇವು ವಿಮಾನದೊಡನೆ ಇರಬೇಕು. ಪ್ರದರ್ಶನದ ಹಲಗೆಯ ಮೇಲೆ ವಿಮಾನದ ಜಾತಿಯ ವರ್ಣನೆಯ ಜೊತೆಗೆ ಆ ಒಂದು ವಿಮಾನದ ಸ್ವಂತ ವೃತ್ತಾಂತವನ್ನೂ ಬರೆಯಬೇಕು. ಅದು ಧರಿಸಿರುವ ಸಂಖ್ಯೆಯು ಸ್ಮರಣಾರ್ಥವಾದುದಾದರೆ ಅದನ್ನೂ ಸಂಕೋಚವಿಲ್ಲದೆ ತಿಳಿಸಬೇಕು.

ವಿಮಾನದಲ್ಲಿ ದುಡಿದವರ ಬಳಿಯಲ್ಲಿಯೂ ದಾಖಲೆಗ‌ಳಿರುತ್ತವೆ. ವಿಮಾನ ಚಾಲಕನ ಹಾರಾಟದ ಪುಸ್ತಕದಲ್ಲಿ ದಿನಾಂಕ, ವಿಮಾನದ ಸಂಖ್ಯೆ, ಹೊರಟ ಊರು, ಇಳಿದ ಊರು, ಹಾರಿದ ಅವಧಿ, ಇಷ್ಟೂ ಸಾಲುಸಾಲಾಗಿ ಇರುತ್ತವೆ. ಎಂಜಿನ್ನನ್ನು ರಿಪೇರಿ ಮಾಡಿದ ಮೆಕ್ಯಾನಿಕ್ಕನ ಟಿಪ್ಪಣಿಯೂ, ವಿಮಾನದ ಮುಂದೆ ನಿಂತು ತೆಗೆಸಿಕೊಂಡ ಭಾವಚಿತ್ರದ ಹಿಂಬದಿಯ ಬರಹವೂ ಕಡಮೆ ಬೆಲೆಯವಲ್ಲ. ಬಾಲದ ಮೇಲಿನ ಸಂಖ್ಯೆಯು ಕಾಣುವ ಒಂದು ಚಿತ್ರವು ಕೆಲವೊಮ್ಮೆ ಒಂದು ವಿಮಾನದ ಇಡೀ ವಂಶಾವಳಿಯನ್ನು ಸರಿಪಡಿಸಬಲ್ಲುದು. ಇಂಥ ಕಾಗದಗಳು ಮನೆಯನ್ನು ಬದಲಿಸುವಾಗ ಹಳೆಯ ಪತ್ರಿಕೆಗಳ ಜೊತೆಗೆ ರದ್ದಿಗೆ ಹೋಗುವುದು ಸುಲಭ. ಹೋದ ಮೇಲೆ ಅವನ್ನು ಮತ್ತೆ ತಯಾರಿಸುವ ಕಾರ್ಖಾನೆಯಿಲ್ಲ.

ನೇವಾಳಿಯಲ್ಲಿ ನೆಲವು ಉಳಿದು ವಿಮಾನಗಳು ಹೋದವು. ಪರಶುರಾಮದಲ್ಲಿ ಸಂಖ್ಯೆಯು ಉಳಿದು ಒಡಲು ಬೇರೆಯಾಯಿತು. ಹಿಮನದಿಯಲ್ಲಿ ಒಡಲು ನುಚ್ಚುನೂರಾಗಿ ಕಾಗದವು ಉಳಿಯಿತು. ನೆಲ, ಒಡಲು, ಸಂಖ್ಯೆ, ಕಾಗದ, ಈ ನಾಲ್ಕೂ ಒಟ್ಟಿಗೆ ಉಳಿದುಬಂದ ಹಳೆಯ ಸಾಗಾಣಿಕೆ ವಿಮಾನಗಳು ಅತಿ ವಿರಳ. ಆವ್ರೋಗಳ ವಿಷಯದಲ್ಲಿ ಅವನ್ನು ಒಟ್ಟಿಗೆ ಉಳಿಸಿಕೊಳ್ಳುವುದಕ್ಕೆ ಇನ್ನೂ ಕಾಲವು ಮಿಂಚಿಲ್ಲ.